ನಾಲ್ಕೂಕಾಲು ಅಡಿಯ ಕ್ಲಾಸೆಟ್ಟು

ಮಹಡಿಯ ಮೇಲೆ ಒಂದು ವಾಕ್-ಇನ್ ಕ್ಲಾಸೆಟ್ ಮಾಡಿಸೋಣ ಎಂದು ಸೊಸೆ ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದಾಗ, ಮಾವನವರು ಸಾರಿನ ಸೌಟನ್ನು ಕೆಳಗಿಟ್ಟು, "ಇರೋ ಎರಡು ಸಾಲದೇನಮ್ಮಾ?" ಎಂದರು.

ತಪ್ಪು ಅವರದಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಅವರು ಮನೆ ಕಟ್ಟಿಸಿದ ಕಾಲದ ಎಲ್ಲ ಬಿಲ್ಲುಗಳನ್ನೂ ಫೈಲು ಮಾಡಿ ಇಟ್ಟವರು. ಸ್ಯಾನಿಟರಿ ಅಂಗಡಿಯ ಬಿಲ್ಲಿನಲ್ಲಿ 'ಇಂಡಿಯನ್ ಕ್ಲಾಸೆಟ್ 1, ಯುರೋಪಿಯನ್ ಕ್ಲಾಸೆಟ್ 1' ಎಂದು ಸ್ಪಷ್ಟವಾಗಿ ಬರೆದಿದೆ. ಈಗ ಮೂರನೆಯದು ಏಕೆ, ಅದಕ್ಕೆ ನಡೆದುಕೊಂಡೇ ಹೋಗಬೇಕೆಂಬ ನಿಯಮ ಏಕೆ ಎಂಬುದು ಅವರಿಗೆ ಅರ್ಥವಾಗಲಿಲ್ಲ. ಅವರ ಅನುಭವದಲ್ಲಿ ಜನ ಕ್ಲಾಸೆಟ್ಟಿಗೆ ಒಮ್ಮೊಮ್ಮೆ ಓಡಿಕೊಂಡೂ ಹೋಗುತ್ತಾರೆ.

ಪದದ ಚರಿತ್ರೆ ಕೆದಕಿದರೆ ಮಾವನವರ ಪಕ್ಷವೇ ಗಟ್ಟಿ. ಮುಚ್ಚಿದ ಜಾಗ ಎಂಬರ್ಥದ ಲ್ಯಾಟಿನ್ ಮಾತೊಂದು ಹಳೆಯ ಫ್ರೆಂಚಿನಲ್ಲಿ ಸುತ್ತಾಡಿ ಇಂಗ್ಲಿಷಿಗೆ ಬಂದು ಕ್ಲಾಸೆಟ್ ಆಯಿತು. ಮೊದಮೊದಲು ಅದು ಉಳ್ಳವರು ಒಬ್ಬರೇ ಕೂತು ಓದುವ, ಪ್ರಾರ್ಥನೆ ಮಾಡುವ ಪುಟ್ಟ ಕೋಣೆ. ಆಮೇಲೆ ಅದಕ್ಕೆ ನೀರು ಬಿತ್ತು. 1775ರಲ್ಲಿ ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಕರ್ಮಿ ಬಾಗಿದ ಕೊಳವೆಯ ವಾಟರ್ ಕ್ಲಾಸೆಟ್ಟಿಗೆ ಪೇಟೆಂಟ್ ಪಡೆದ. ಅಮೆರಿಕದವರು ಕ್ಲಾಸೆಟ್ಟಿನಲ್ಲಿ ಬಟ್ಟೆ ಇಟ್ಟರು. ನಮಗೆ ಬ್ರಿಟಿಷರಿಂದ ಬಂದದ್ದು ನೀರಿನದು. ಹೋಗಲಿ, ವಾರ್ಡ್‌ರೋಬ್ ಎನ್ನೋಣವೆಂದರೆ ಅದರ ಪೂರ್ವಾಶ್ರಮವೂ ಅಷ್ಟೇನೂ ಶುದ್ಧವಲ್ಲ. ಯುರೋಪಿನ ಮಧ್ಯಯುಗದ ಕೋಟೆಗಳಲ್ಲಿ 'ಗಾರ್ಡ್‌ರೋಬ್' ಎಂದು ಕರೆಯುತ್ತಿದ್ದದ್ದು ಗೋಡೆಯಿಂದಾಚೆ ಚಾಚಿಕೊಂಡ ಪಾಯಖಾನೆಯನ್ನೇ.

"ಬಟ್ಟೆ ಇಡೋ ರೂಮು, ಮಾವ" ಎಂದು ಸೊಸೆ ಬಿಡಿಸಿ ಹೇಳಿದಳು.

"ಹಾಗಾದ್ರೆ ಬೀರು ಅನ್ನು."

ಬೀರು ಇತ್ತು. ಅತ್ತೆಯ ಮದುವೆಯಲ್ಲಿ ಬಂದ ಉಕ್ಕಿನ ಬೀರು. ಬೀಗ ಮಾಡಲು 1897ರಲ್ಲಿ ಶುರುವಾದ ಗೋದ್ರೆಜ್ ಕಂಪನಿ 1923ರಲ್ಲಿ ಉಕ್ಕಿನ ಬೀರುವಿಗೆ ಕೈ ಹಾಕಿದ ಮೇಲೆ, ತವರಿನಿಂದ ಹೆಣ್ಣಿನ ಹಿಂದೆಯೇ ಒಂದು ಬೀರೂ ಲಾರಿ ಹತ್ತುವುದು ವಾಡಿಕೆಯಾಯಿತು. ಯಾರ ಮನೆಯದಾದರೂ 'ಗಾಡ್ರೇಜ್' ಎಂದೇ ಕರೆಯುವ ಆ ವಸ್ತುವಿನಲ್ಲಿ ಅತ್ತೆಯ ರೇಷ್ಮೆ, ಒಡವೆ, ಜಾತಕ ಎಲ್ಲವೂ ಹಿಡಿಸಿದ್ದವು. ಸೊಸೆಯ ಬಟ್ಟೆಗಳು ಮಾತ್ರ ಕುರ್ಚಿ, ಕಿಟಕಿ ಸರಳು, ಬಾಗಿಲ ಹಿಂದಿನ ಮೊಳೆ, ಕಡೆಗೆ ವ್ಯಾಯಾಮಕ್ಕೆಂದು ತಂದ ಸೈಕಲ್ಲಿನ ಮೇಲೂ ಸಂಸಾರ ಹೂಡಿದ್ದವು.

ಜಾಗ ಒಂದಿತ್ತು, ಅದನ್ನು ಜಾಗ ಎನ್ನುವುದಾದರೆ. ಮನೆ 30x40 ಸೈಟಿನದು. 1200 ಚದರಡಿಯೊಳಗೆ ಕಾರು, ತುಳಸಿಕಟ್ಟೆ, ಸಂಪು, ಬಾಡಿಗೆಗೊಂದು ಮನೆ ಎಲ್ಲವನ್ನೂ ಕೂರಿಸಬೇಕೆಂದು ಹೊರಟ ಬೆಂಗಳೂರಿನ ಮನೆಗಳಲ್ಲಿ ಎಲ್ಲೋ ಒಂದು ಕಡೆ ಲೆಕ್ಕ ತಪ್ಪುತ್ತದೆ. ಇಲ್ಲಿ ತಪ್ಪಿದ್ದು ಮಹಡಿಯ ಮೇಲೆ, ಮಲಗುವ ಕೋಣೆಗೂ ಬಚ್ಚಲುಮನೆಗೂ ನಡುವೆ. ಹತ್ತಡಿ ಉದ್ದದ ಒಂದು ಕುರುಡು ಓಣಿ. ಒಂದು ತುದಿಯಲ್ಲಿ ಮೇಲಕ್ಕೊಂದು ವೆಂಟಿಲೇಟರು, ಇನ್ನೊಂದು ತುದಿಯಲ್ಲಿ ತಾರಸಿಗೆ ಹೋಗುವ ಮೆಟ್ಟಿಲ ಹೊಟ್ಟೆ ಇಳಿಜಾರಾಗಿ ಕೆಳಗಿಳಿದು ತಲೆಗೆ ಕಾಯುತ್ತಿತ್ತು. ಮೇಸ್ತ್ರಿ ಆಗ "ಸಾಮಾನಿಗೆ ಆಗ್ತದೆ ಬಿಡಿ ಸಾರ್" ಎಂದಿದ್ದನಂತೆ. ಆತನ ಮಾತು ಸುಳ್ಳಾಗಲಿಲ್ಲ. ತೊಟ್ಟಿಲು, ಗೊಂಬೆ ಹಬ್ಬದ ಮೆಟ್ಟಿಲು, ಥರ್ಮಕೋಲಿನ ಗಣೇಶನ ಮಂಟಪ, ಚಕ್ರ ಕಳೆದುಕೊಂಡ ಮೂರು ಸೂಟ್‌ಕೇಸು ಅಲ್ಲಿ ವಾನಪ್ರಸ್ಥ ನಡೆಸಿದ್ದವು.

ಬಡಗಿ ಆಚಾರ್ರು ಬಂದರು. ಕಿವಿಯ ಸಂದಿನಲ್ಲಿ ಪೆನ್ಸಿಲು, ಸೊಂಟದಲ್ಲಿ ಟೇಪು. ಓಣಿಯೊಳಗೆ ಹೋಗಿ ಅಳೆದು, ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಂಡು ಹೊರಬಂದರು. "ಈ ಕಡೆ ನಾಲ್ಕಡಿ ಮೂರಿಂಚು. ಆ ಕಡೆ ನಾಲ್ಕಡಿ ಎರಡಿಂಚು ಎರಡು ನೂಲು." ನೂಲು ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಮುಕ್ಕಾಲು ಇಂಚು ಎಲ್ಲಿ ಹೋಯಿತು ಎಂದು ಮಾವನವರು ಗಾಬರಿಯಾದರು. ಬ್ಯಾಂಕಿನ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಬಂದಿದ್ದರೆ ರಾತ್ರಿಯಿಡೀ ಕೂತು ಹುಡುಕುತ್ತಿದ್ದರು. "ಗೋಡೆ ಮೂಲೆಮಟ್ಟಕ್ಕಿಲ್ಲ ಸಾರ್. ಯಾವ ಮನೇಲೂ ಇರಲ್ಲ. ಅದಕ್ಕೇ ಮೂರು ಕಡೆ ಅಳೀಬೇಕು: ಕೆಳಗೆ, ನಡುವೆ, ಮೇಲೆ. ಯಾವುದು ಕಮ್ಮಿಯೋ ಅದನ್ನ ನಂಬಬೇಕು."

ಸೊಸೆ ಫೋನಿನಲ್ಲಿ ಚಿತ್ರ ತೋರಿಸಿದಳು. ಎರಡೂ ಕಡೆ ನೇತಾಡುವ ಉಡುಪು, ನಡುವೆ ಗಾಜಿನ ಮೇಲ್ಮೈಯ ಮೇಜು, ಮೇಲೊಂದು ತೂಗುದೀಪ, ಮೂಲೆಯಲ್ಲಿ ಬಿಳಿಯ ಮೋಡದಂಥ ಪೀಠ. ಆಚಾರ್ರು ಚಿತ್ರವನ್ನು ಭಕ್ತಿಯಿಂದ ನೋಡಿ, "ಇದರಲ್ಲಿ ಆ ಮೇಜಿದೆಯಲ್ಲ ಮೇಡಂ, ಅದರ ಪಕ್ಕದಲ್ಲಿ ನಮ್ಮ ಇಡೀ ಓಣಿ ಹಿಡಿಸ್ತದೆ" ಎಂದರು.

ಲೆಕ್ಕ ಸರಳ, ಆದರೆ ನಿಷ್ಕರುಣಿ. ದೊಡ್ಡವರ ಹ್ಯಾಂಗರು ಸುಮಾರು 17 ಇಂಚು ಅಗಲ. ಅದರ ಮೇಲೆ ಕೋಟೋ ಶರ್ಟೋ ಕೂತರೆ ತೋಳು ಎರಡೂ ಕಡೆ ಉಬ್ಬಿ 20-22 ಇಂಚು. ಹಿಂದೆ ಗೋಡೆಗೆ, ಮುಂದೆ ಬಾಗಿಲಿಗೆ ತಗಲದಂತೆ ಚೂರು ಬಿಡುವು ಕೊಟ್ಟರೆ 24. ವಾರ್ಡ್‌ರೋಬಿನ ಆಳ ಎಲ್ಲ ಕಡೆಯೂ ಎರಡಡಿ ಇರುವುದು ಮನುಷ್ಯನ ಭುಜದಿಂದಾಗಿ. ಎರಡು ಕಡೆ ಎರಡೆರಡಡಿ, ನಡುವೆ ಓಡಾಡಲು ಮೂರಡಿ ಎಂದರೆ ಏಳಡಿ ಅಗಲ ಬೇಕು. ಒಂದೇ ಕಡೆಗಾದರೂ ಐದು. ಇದ್ದದ್ದು ನಾಲ್ಕೂಕಾಲು. ಹಾಸಿಗೆ ಇದ್ದಷ್ಟು ಕಾಲು ಚಾಚಬಹುದು. ಓಣಿ ಇದ್ದಷ್ಟು ಭುಜ ಮಡಚುವುದು ಹೇಗೆ?

ಒಂದೇ ಕಡೆ ಎರಡಡಿಯ ಕಪಾಟು ಮಾಡಿದರೆ ಮಿಕ್ಕ ಜಾಗ 27 ಇಂಚು. ಸಾಲುವುದೋ ಇಲ್ಲವೋ ಎಂದು ನೋಡಲು ಆಚಾರ್ರು ಹಳೆಯ ಉಪಾಯ ಮಾಡಿದರು: ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಎಳೆದು, ಗೆರೆಯ ಗುಂಟ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಎದೆಯೆತ್ತರಕ್ಕೆ ಪೇರಿಸಿದರು. ಪ್ರಯೋಗಕ್ಕೆ ಮಾವನವರು ತಾವೇ ಮುಂದಾದರು. ಹೋಗುವಾಗ ತೊಂದರೆಯಿಲ್ಲ, ಬರುವಾಗಲೂ ಇಲ್ಲ. "ಈಗ ಕೆಳಗಿನ ಡ್ರಾಯರಿಂದ ಕಾಲುಚೀಲ ತಗೊಳ್ಳಿ ಸಾರ್" ಎಂದರು ಆಚಾರ್ರು. ಡ್ರಾಯರು 18 ಇಂಚು ಹೊರಬರುತ್ತದೆ. 27ರಲ್ಲಿ 18 ಹೋದರೆ 9. ಒಂಬತ್ತು ಇಂಚಿನಲ್ಲಿ ನಿಂತು ಬಗ್ಗಿದ ಮಾವನವರ ಹಿಂಭಾಗ ಗೋಡೆಗೆ ಒತ್ತಿತು, ತಲೆ ಪೆಟ್ಟಿಗೆಗೆ ಗುದ್ದಿತು, ಮೂರು ಸಾವಿರದ ಗಣೇಶನ ಮಂಟಪದ ಮೇಲೆ ವಾರ್ಡ್‌ರೋಬು ಮಗುಚಿತು.

ಮರುದಿನ ಸೊಸೆಯೂ ಮಗನೂ ಮೆಟ್ರೋ ಹತ್ತಿ ನಾಗಸಂದ್ರದ ಐಕಿಯಾಕ್ಕೆ ಹೋದರು. 2022ರ ಜೂನಿನಲ್ಲಿ ತೆರೆದ ಆ ಅಂಗಡಿಯಲ್ಲಿ ಅಳತೆಗೆ ಕಾಗದದ ಟೇಪು ಪುಕ್ಕಟೆ. ಮಗ ನಾಲ್ಕು ತಂದ. ಆದರೆ ಸೊಸೆ ತಂದದ್ದು ಅದಕ್ಕಿಂತ ಬೆಲೆಯುಳ್ಳದ್ದು. ಅಲ್ಲಿನ 'ಪಾಕ್ಸ್' ವಾರ್ಡ್‌ರೋಬಿನ ಚೌಕಟ್ಟು ಎರಡು ಆಳದಲ್ಲಿ ಸಿಗುತ್ತದೆ: 58 ಸೆಂಟಿಮೀಟರು, 35 ಸೆಂಟಿಮೀಟರು. 58 ಎಂದರೆ ಮತ್ತದೇ ಹ್ಯಾಂಗರಿನ ಎರಡಡಿ. 35 ಎಂದರೆ ಹದಿನಾಲ್ಕು ಇಂಚೂ ಇಲ್ಲ. ಅದರಲ್ಲಿ ಬಟ್ಟೆ ಅಡ್ಡಡ್ಡ ನೇತಾಡದೆ, ಮುಂದಕ್ಕೆ ಎಳೆಯುವ ಸರಳಿಗೆ ಒಂದರ ಹಿಂದೊಂದು, ಮುಖ ನಮ್ಮ ಕಡೆ ಮಾಡಿಕೊಂಡು, ರೇಷನ್ ಅಂಗಡಿಯ ಸಾಲಿನಂತೆ ನಿಲ್ಲುತ್ತದೆ.

"ಅಷ್ಟು ಸಣ್ಣದರಲ್ಲಿ ಎಷ್ಟು ಬಟ್ಟೆ ಹಿಡಿಸೀತು?" ಎಂದು ಮಗ ಅನುಮಾನಿಸಿದ.

ಇಷ್ಟು ದಿನ ಅವರೆಕಾಳು ಬಿಡಿಸುತ್ತ ಸುಮ್ಮನೆ ಕೇಳುತ್ತಿದ್ದ ಅತ್ತೆ ಆಗ ಬಾಯಿಬಿಟ್ಟರು. "ಎಲ್ಲಾನೂ ನೇತು ಹಾಕ್ಲೇಬೇಕು ಅಂತ ಹೇಳಿದೋರು ಯಾರು?"

ಎದ್ದು ಹೋಗಿ ಬೀರುವಿನಿಂದ ಒಂದು ಮೈಸೂರು ಸಿಲ್ಕ್ ತಂದು ಮೇಜಿನ ಮೇಲಿಟ್ಟರು. ಸೀರೆಯ ಪನ್ನ ಸುಮಾರು 45 ಇಂಚು. ಅದನ್ನು ನಾಲ್ಕಾಗಿ ಮಡಚಿದರೆ ಹನ್ನೊಂದೂಕಾಲು. ಆರು ಗಜವೂ ಮಡಿಕೆಯ ಮೇಲೆ ಮಡಿಕೆಯಾಗಿ ಒಂದು ದಪ್ಪ ಪುಸ್ತಕದಷ್ಟಾಗುತ್ತದೆ. ಆಚಾರ್ರು ಟೇಪು ಹಿಡಿದರು, ಪೆನ್ಸಿಲನ್ನು ಕಿವಿಯಿಂದ ತೆಗೆದರು, ಮತ್ತೆ ಸಿಕ್ಕಿಸಿಕೊಂಡರು.

"ಭಾರದ ರೇಷ್ಮೆ ನೇತು ಹಾಕಿದ್ರೆ ಜೋತು ಬೀಳತ್ತೆ" ಎಂದು ಅತ್ತೆ ಮುಂದುವರಿಸಿದರು. "ಮಡಚಿ ಹಳೇ ಬಿಳೀ ಪಂಚೆಯಲ್ಲಿ ಸುತ್ತಿಡಬೇಕು. ಮೂರು ನಾಲ್ಕು ತಿಂಗಳಿಗೊಂದ್ಸಲ ಬಿಡಿಸಿ ಮಡಿಕೆ ಬದಲಾಯಿಸಬೇಕು, ಇಲ್ದಿದ್ರೆ ಜರಿ ಅದೇ ಗೆರೆಯಲ್ಲಿ ಮುರಿಯತ್ತೆ. ನುಸಿಗುಳಿಗೆ ಜರಿಗೆ ತಗಲಬಾರದು. ನಿಮ್ಮ ಫೋನಿನಲ್ಲಿ ಇದೆಲ್ಲಾ ಬರಲ್ವಾ?"

ಅಲ್ಲಿಗೆ ಕ್ಲಾಸೆಟ್ಟಿನ ಸಿದ್ಧಾಂತವೇ ತಿರುಗಿತು. ಎರಡಡಿಯ ಅಳತೆ ಕೋಟು ತೊಡುವ ನಾಡಿನದು. ಭುಜದ ಆಕಾರದ ಹ್ಯಾಂಗರಿಗೆ ಅಮೆರಿಕದಲ್ಲಿ ಓ. ಎ. ನಾರ್ತ್ ಎಂಬಾತ ಪೇಟೆಂಟ್ ಪಡೆದದ್ದೇ 1869ರಲ್ಲಿ. ಹೊಲಿದ ಕೋಟಿಗೆ ಭುಜವಿದೆ. ಸೀರೆಗೆ, ಪಂಚೆಗೆ, ಶಲ್ಯಕ್ಕೆ ಭುಜವಿಲ್ಲ. ಉಟ್ಟಾಗ ಆಕಾರ, ಬಿಚ್ಚಿದಾಗ ಆಯತ. ಜಪಾನಿನವರೂ ಕಿಮೋನೋವನ್ನು ಹೊಲಿಗೆಯ ಗುಂಟ ಚಪ್ಪಟೆಯಾಗಿ ಮಡಚಿ, ಕಾಗದದಲ್ಲಿ ಸುತ್ತಿ, 'ತಾನ್ಸು' ಎಂಬ ಮರದ ಪೆಟ್ಟಿಗೆಯ ತೆಳು ಡ್ರಾಯರುಗಳಲ್ಲಿ ಇಡುತ್ತ ಬಂದವರು.

ಸೊಸೆ ಅಂದು ಸಂಜೆ ತನ್ನ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಸುರಿದು ಎಣಿಸಿದಳು. ನೇತಾಡಲೇಬೇಕಾದವು: ಗಂಡನ ಇಸ್ತ್ರಿ ಶರ್ಟು ಹದಿನಾಲ್ಕು, ತನ್ನ ಉದ್ದ ಕುರ್ತಿ ಹನ್ನೊಂದು. ಪೂರ್ತಿ ಎರಡಡಿ ಆಳ ಬೇಡುವ ವಸ್ತು ಇಡೀ ಮನೆಯಲ್ಲಿ ಒಂದೇ ಒಂದು. ಎರಡು ವಾರದ ಬಾಸ್ಟನ್ ಪ್ರವಾಸಕ್ಕೆಂದು ಕೊಂಡ ದಪ್ಪ ಕೋಟು. ಬೆಂಗಳೂರಿನಲ್ಲಿ ಅದನ್ನು ಹಾಕುವಂಥ ಚಳಿ ಬಿದ್ದರೆ ಜನ ಜ್ಯೋತಿಷಿಗಳ ಹತ್ತಿರ ಓಡುತ್ತಾರೆ. ಆ ಒಂದು ಕೋಟಿಗಾಗಿ ಮನೆಮಂದಿಯೆಲ್ಲ ಅಡ್ಡ ನಡೆಯುವುದೇ?

ಕೋಟು ಸೂಟ್‌ಕೇಸಿಗೆ ಹೋಯಿತು. ಕಪಾಟಿನ ಆಳ ಹದಿನಾರಿಂಚಿಗೆ ಒಂದು ನೂಲು ಕಮ್ಮಿ ಎಂದು ಆಚಾರ್ರು ತೀರ್ಪು ಕೊಟ್ಟರು. ಒಂದು ನೂಲು ಯಾಕೆ ಕಮ್ಮಿ ಎಂದು ಮಾವನವರು ತಕ್ಷಣ ಆಕ್ಷೇಪ ಎತ್ತಿದರು. ಪ್ಲೈವುಡ್ ಹಾಳೆ ಎಂಟಡಿಗೆ ನಾಲ್ಕಡಿ. ನಾಲ್ಕಡಿ ಎಂದರೆ 48 ಇಂಚು; ಎರಡಡಿಯ ಕಪಾಟಾದರೆ ಹಾಳೆಗೆ ಎರಡೇ ಪಟ್ಟಿ, ಹದಿನಾರರದಾದರೆ ಮೂರು. ಮೂರು ಪಟ್ಟಿಗೆ ಎರಡು ಸಲ ಕೊಯ್ಯಬೇಕು, ಪ್ರತಿ ಸಲವೂ ಗರಗಸ ಒಂದು ನೂಲು ಮರವನ್ನು ಪುಡಿ ಮಾಡಿ ತಿನ್ನುತ್ತದೆ. "ಗರಗಸಕ್ಕೂ ಹೊಟ್ಟೆ ಇದೆಯಲ್ಲ ಸಾರ್." ಮಾವನವರು ಇದನ್ನು ಡೈರಿಯಲ್ಲಿ ಬರೆದುಕೊಂಡರು. ಅಂದಿನಿಂದ ಆಚಾರ್ರಿಗೆ ಚಹಾದ ಜೊತೆ ಕೋಡುಬಳೆ ಶುರುವಾಯಿತು.

ಕೆಲಸ ಹದಿನೇಳು ದಿನ ನಡೆಯಿತು. ಹಲಗೆಗೆ ಎರಡೂವರೆ ಅಡಿಗೊಂದು ಆಸರೆ ಬಂತು, ಇಲ್ಲವಾದರೆ ರೇಷ್ಮೆಯ ಭಾರಕ್ಕೆ ಹೊಟ್ಟೆ ಬಿಡುತ್ತದೆ. ಮುಂದಕ್ಕೆ ಎಳೆಯುವ ಸರಳು ನಾಲ್ಕು. ಶರ್ಟಿಗೆ ಮೇಲೊಂದು ಕೆಳಗೊಂದು, ಕುರ್ತಿಗೆ ಪೂರ್ತಿ ಎತ್ತರ. ಮೆಟ್ಟಿಲ ಇಳಿಜಾರಿನ ಕೆಳಗೆ, ನಿಲ್ಲಲಾಗದಿದ್ದರೂ ಕೂರಲಾಗುವಲ್ಲಿ, ಒಂದು ತಗ್ಗು ಪೆಟ್ಟಿಗೆ: ಮುಚ್ಚಳ ತೆಗೆದರೆ ತೊಟ್ಟಿಲು ಮತ್ತು ಗೊಂಬೆ ಮೆಟ್ಟಿಲು, ಮುಚ್ಚಿದರೆ ಪೀಠ. ಒಳಕ್ಕೆ ತೆರೆದು ಎರಡೂವರೆ ಅಡಿ ನುಂಗುತ್ತಿದ್ದ ಬಾಗಿಲನ್ನು ಹೊರಕ್ಕೆ ತಿರುಗಿಸಿದರು. ಓಡಾಡಲು ಈಗ ಹತ್ತಿರ ಹತ್ತಿರ ಮೂರಡಿ.

ಉಳಿದದ್ದು ತೇವದ ಪ್ರಶ್ನೆ. ಬಾಗಿಲು ಮಲಗುವ ಕೋಣೆಯ ಗೋಡೆಯಲ್ಲಿದ್ದದ್ದರಿಂದ ಕಪಾಟಿಗೆ ಬಚ್ಚಲಿನ ಗೋಡೆಯೇ ಗತಿ. ದಿನಾ ನಾಲ್ಕು ಜನ ಬಿಸಿನೀರು ಹೊಯ್ದುಕೊಳ್ಳುವ ಗೋಡೆ. ಆಷಾಢದಲ್ಲಿ ಅದರ ಬೆನ್ನಿಗೆ ಬಟ್ಟೆ ಒತ್ತಿದರೆ ಬೂಷ್ಟು ಖಂಡಿತ. ಅದಕ್ಕೆಂದು 710 ನಂಬರಿನ ಮರೀನ್ ಪ್ಲೈವುಡ್ಡು ಬಂತು, ಮೂರು ದಿನ ಕುದಿಸಿದರೂ ಪದರ ಬಿಡಬಾರದೆಂಬ ಪರೀಕ್ಷೆ ಅದಕ್ಕಿದೆ. ಗೋಡೆಗೂ ಕಪಾಟಿಗೂ ನಡುವೆ ಗಾಳಿಗೆ ಒಂದಿಂಚು ಬಿಟ್ಟರು. ಅದೂ ಸಾಲದೆಂದು ವೆಂಟಿಲೇಟರಿಗೆ ಪುಟ್ಟದೊಂದು ಎಕ್ಸಾಸ್ಟ್ ಫ್ಯಾನು ಕೂತಿತು.

ಫ್ಯಾನು ತಿರುಗಿದ ದಿನ ಮಾವನವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ನಾಲ್ಕಡಿ ಅಗಲ, ಮೇಲೊಂದು ವೆಂಟಿಲೇಟರು, ಎಕ್ಸಾಸ್ಟ್ ಫ್ಯಾನು, ಮೂಲೆಯಲ್ಲಿ ತಗ್ಗಾದ ಮುಚ್ಚಳವಿರುವ ಪೀಠ. ಏನೂ ಹೇಳಲಿಲ್ಲ. ಒಳಗೆ ಹೋಗಿ ಫೈಲು ತೆಗೆದು, ಆಚಾರ್ರ ಬಿಲ್ಲನ್ನು ಹಳೆಯ ಸ್ಯಾನಿಟರಿ ಬಿಲ್ಲಿನ ಹಿಂದೆಯೇ ಪೋಣಿಸಿ, ಮೇಲೆ ಬರೆದರು: 'ಕ್ಲಾಸೆಟ್ 3.'

ತಿಂಗಳು ಕಳೆದು ಅತ್ತೆಯ ಅಕ್ಕ ತೀರ್ಥಹಳ್ಳಿಯಿಂದ ರಾತ್ರಿ ಬಸ್ಸಿಗೆ ಬಂದರು. ಬೆಳಿಗ್ಗೆ ಚೀಲ ಕೆಳಗಿಡುತ್ತಲೇ, ಮಹಡಿಯಲ್ಲಿ ಹೊಸ ಕ್ಲಾಸೆಟ್ಟು ಆಗಿದೆಯಂತಲ್ಲ ಎಂದು ಮೆಟ್ಟಿಲು ಹತ್ತಿ ನಡೆದೇಬಿಟ್ಟರು. ಸೊಸೆ ಕೂಗುವಷ್ಟರಲ್ಲಿ ಬಾಗಿಲು ಹಾಕಿಕೊಂಡಾಗಿತ್ತು. ದೀಪ ತಾನಾಗಿ ಹತ್ತಿತು, ಫ್ಯಾನು ಗುಂಯ್ ಎಂದಿತು. ಕೆಳಗೆ ಮನೆಮಂದಿಯೆಲ್ಲ ಉಸಿರು ಹಿಡಿದು ಕೂತರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಕೊನೆಗೆ ಸೊಸೆ ಧೈರ್ಯ ಮಾಡಿ ಬಾಗಿಲು ತಟ್ಟಿ ತೆಗೆದಳು.

ದೊಡ್ಡಮ್ಮ ತಗ್ಗು ಪೀಠದ ಮೇಲೆ ಕೂತು, ತೊಡೆಯ ಮೇಲೆ ಸೀರೆಯೊಂದನ್ನು ಹರವಿಕೊಂಡು ಮಡಿಕೆ ಬದಲಾಯಿಸುತ್ತಿದ್ದರು. ಪಕ್ಕದಲ್ಲಿ ಮಡಚಿಟ್ಟ ಏಳು ಸೀರೆಗಳ ಅಟ್ಟಿ.

"ಜರಿ ಎಲ್ಲಾ ಒಂದೇ ಗೆರೇಲಿ ಬಿಟ್ಟಿದ್ದೀರಲ್ಲೇ, ಹಾಳಾಗ್ತದೆ" ಎಂದು ಗದರಿದರು. ಆಮೇಲೆ ಸ್ವಲ್ಪ ಅವಸರದಿಂದ ಎದ್ದು, "ಅದಿರ್ಲಿ, ಬಚ್ಚಲು ಎಲ್ಲಿ ಅಂತ ತೋರಿಸು ಮಾರಾಯ್ತಿ, ಬೇಗ" ಎಂದರು.