ಹಕಾರದ ದಾನಿ ಮತ್ತು ಶಾಲೆಯ ವೆಬ್‌ಸೈಟು

ಸರ್ಕಾರಿ ಶಾಲೆಗೆ ವೆಬ್‌ಸೈಟ್ ಇಲ್ಲ ಎಂದು ಕೊರಗುವವರು ನಮ್ಮೂರ ಶಾಲೆಯ ಗೋಡೆಯನ್ನು ನೋಡಿದವರಲ್ಲ. ಸ್ಥಾಪನೆಯ ವರ್ಷ, 11 ಅಂಕಿಯ ಯು-ಡೈಸ್ ಸಂಖ್ಯೆ, ಎಸ್‌ಡಿಎಂಸಿ ಸದಸ್ಯರ ಪಟ್ಟಿ, ಬಿಸಿಯೂಟದ ವಾರದ ಮೆನು ಎಲ್ಲವೂ ಎಣ್ಣೆಬಣ್ಣದಲ್ಲಿ ಅಲ್ಲೇ ಇವೆ. ಓದಲು ನೆಟ್‌ವರ್ಕೂ ಬೇಡ. ಆದರೂ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ವೆಬ್‌ಸೈಟಿನ ಹುಕಿ ಹತ್ತಿತು. ಬರೆಯುವವನೆಂಬ ಅಪವಾದ ಇದ್ದುದರಿಂದ ಸಭೆಗೆ ನನಗೂ ಕರೆ ಬಂತು.

ಮೊದಲ ಪುಟದಲ್ಲಿ ಏನಿರಬೇಕು ಎಂಬಲ್ಲೇ ಸಭೆ ಸಿಕ್ಕಿಕೊಂಡಿತು. ಅಧ್ಯಕ್ಷರಿಗೆ ದಾನಿಗಳ ಹೆಸರು ಬೇಕು. ನಮ್ಮಲ್ಲಿ ಸೀಲಿಂಗ್ ಫ್ಯಾನ್ ಕೊಟ್ಟವರು ಮೂರೂ ರೆಕ್ಕೆಗಳ ಮೇಲೆ ಹೆಸರು ಬರೆಸುವುದುಂಟು. ಕರೆಂಟು ಹೋದಾಗ ಮಾತ್ರ ದಾನಿ ಯಾರೆಂದು ಮಕ್ಕಳಿಗೆ ತಿಳಿಯುತ್ತದೆ. ವೆಬ್‌ಸೈಟಿನಲ್ಲಿ ಆ ತೊಂದರೆಯಿಲ್ಲ ಎಂಬುದು ಅಧ್ಯಕ್ಷರ ವಾದ. ಬೀರು ಕೊಟ್ಟವರು ಮೇಲೋ ನೀರಿನ ಫಿಲ್ಟರ್ ಕೊಟ್ಟವರು ಮೇಲೋ ಎಂಬ ತಕರಾರೆದ್ದಾಗ ಅಕಾರಾದಿಗೆ ಶರಣಾದೆವು. ಹಕಾರದ ಹೆಸರಿನ ದಾನಿಯೊಬ್ಬರು ಅಂದಿನಿಂದ ನಮ್ಮೊಡನೆ ಮಾತು ಬಿಟ್ಟಿದ್ದಾರೆ.

ಶಾಲೆಯ ಇತಿಹಾಸವನ್ನು ನಿವೃತ್ತ ಮೇಷ್ಟ್ರು ಎಂದೋ ‘ನುಡಿ’ಯಲ್ಲಿ ಟೈಪಿಸಿಟ್ಟಿದ್ದರು. ಪುಟಕ್ಕೆ ಅಂಟಿಸಿದರೆ ಇತಿಹಾಸವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಯಿತು. ಆ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗಿದ್ದವು. ಯುನಿಕೋಡ್ ಕನ್ನಡಕ್ಕೇ 128 ಮನೆಗಳನ್ನು ಎತ್ತಿಟ್ಟಿತು. ಪರಿವರ್ತಕಕ್ಕೆ ಹಾಕಿ ತೆಗೆದರೂ ಅಲ್ಲಲ್ಲಿ ಅರ್ಕಾವತ್ತುಗಳು ದಾರಿ ತಪ್ಪಿದ್ದವು. ಮೇಷ್ಟ್ರು ಪ್ರಿಂಟ್ ತರಿಸಿಕೊಂಡು, ಕೆಂಪು ಶಾಯಿಯಲ್ಲಿ ತಿದ್ದಿ, ಅಭ್ಯಾಸಬಲದಿಂದ ಕೆಳಗೆ ‘ನೋಡಿದೆ’ ಎಂದು ಸಹಿ ಹಾಕಿ ಕಳಿಸಿದರು.

ಇನ್ನು ಫೋಟೋಗಳು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಕೇಳುತ್ತದೆ. ಕೇಳಲೇಬೇಕಾದದ್ದು, ನನ್ನ ತಕರಾರಿಲ್ಲ. ಆದರೆ ವಾರ್ಷಿಕೋತ್ಸವದ ಚಿತ್ರದಿಂದ ಮಕ್ಕಳನ್ನು ತೆಗೆದರೆ ಉಳಿಯುವುದು ಶಾಲು ಹೊದ್ದ ಅತಿಥಿಗಳು. ಅವರ ಒಪ್ಪಿಗೆ ಕೇಳುವ ಪ್ರಮೇಯವೇ ಬರಲಿಲ್ಲ, ಚಿತ್ರ ಕಳಿಸಿದವರೇ ಅವರು.

ಡೊಮೈನ್ ಹೆಸರನ್ನು ಉತ್ಸಾಹಿ ತರುಣನೊಬ್ಬ ತನ್ನ ಮೊಬೈಲ್ ನಂಬರಿನಲ್ಲೇ ನೋಂದಾಯಿಸಲು ಹೊರಟಿದ್ದ. ನಾನು ತಡೆದೆ. ಅವಧಿ ಮುಗಿದಾಗ ನವೀಕರಿಸಬೇಕಲ್ಲ. ಓಟಿಪಿ ಬರುವ ಮೊಬೈಲು ದುಬೈಗೆ ಹೋದರೆ ಶಾಲೆಯೂ ಅದರ ಹಿಂದೆಯೇ ಹೋದಂತೆ.

ಇಷ್ಟೆಲ್ಲ ಆಗುವಾಗ ಅಡುಗೆಯ ಅಕ್ಕ ಟೀ ಲೋಟ ಎತ್ತಿಕೊಳ್ಳುತ್ತ ಕೇಳಿದರು: “ಮಳೆ ರಜೆ ಇದೆಯೋ ಇಲ್ವೋ ಅಂತ ಅದ್ರಲ್ಲಿ ಬರುತ್ತಾ?”

ಸಭೆ ತೆಪ್ಪಗಾಯಿತು. ಮಲೆನಾಡಿನಲ್ಲಿ ಜುಲೈ ಬಂತೆಂದರೆ ಹೆತ್ತವರಿಗೆ ಬೇಕಾದ ಸುದ್ದಿ ಅದೊಂದೇ. ಜಿಲ್ಲಾಧಿಕಾರಿಗಳ ಆದೇಶ ಒಮ್ಮೆ ರಾತ್ರಿಯೇ ಬರುತ್ತದೆ, ಒಮ್ಮೆ ಮಕ್ಕಳು ನೆನೆದು ಶಾಲೆ ಮುಟ್ಟಿದ ಮೇಲೆ.

“ಬರುತ್ತೆ ಅಕ್ಕ, ಬೆಳಿಗ್ಗೆ ಆರಕ್ಕೆ ಯಾರಾದ್ರೂ ಎದ್ದು ಹಾಕ್ಬೇಕಷ್ಟೆ” ಎಂದರು ಹೆಡ್ಮಾಸ್ಟ್ರು.

“ಯಾರೂ ಏಳಲ್ಲ ಸರ್. ಹೆಂಗೂ ಎಲ್ರೂ ನಂಗೇ ಫೋನ್ ಮಾಡ್ತಾರೆ, ನನ್ ನಂಬರೇ ಹಾಕ್ಬಿಡಿ. ಮೇಲ್ಗಡೆನೇ ಹಾಕಿ, ಕಾಣ್ಬೇಕು.”