ಗೋದಿ ಮೈಲಿಗೆ

ನಮ್ಮ ಮನೆಯಲ್ಲಿ ಮಡಿ ಅಟ್ಟ ಸೇರಿ ಮೂವತ್ತು ವರ್ಷವಾಗಿತ್ತು. ಏಣಿ ಹಾಕಿ ಅದನ್ನು ಅಟ್ಟಕ್ಕೇರಿಸಿದವನು ನಾನೇ. ಹೊಳಲ್ಕೆರೆಯ ನಮ್ಮಜ್ಜಿ ಒದ್ದೆ ಸೀರೆಯಲ್ಲಿ ಒಲೆ ಮುಂದೆ ಕೂತು, "ಅಲ್ಲೇ ನಿಲ್ಲು, ಮುಟ್ಟಬೇಡ" ಅಂದಾಗಲೆಲ್ಲ ಬೇಕೆಂದೇ ಒಂದು ಬೆರಳು ತಾಗಿಸಿ ಓಡುತ್ತಿದ್ದ ಕ್ರಾಂತಿಕಾರಿ ನಾನು. ಆ ಮಡಿಯನ್ನು ಈಗ ಡಾಕ್ಟರೊಬ್ಬರು ಚೀಟಿ ಬರೆದು ಚಿತ್ರದುರ್ಗದ ನಮ್ಮ ಮನೆಗೆ ವಾಪಸು ಕಳಿಸಿದ್ದಾರೆ.

ಕಾಯಿಲೆ ನನ್ನ ಹೆಂಡತಿಯದು. ಏಳೆಂಟು ವರ್ಷದಿಂದ ಹೊಟ್ಟೆಯುಬ್ಬರ, ಭೇದಿ, ಸುಸ್ತು. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದು. ನಾವು ಅದಕ್ಕೆ 'ಗ್ಯಾಸು' ಅಂತ ನಾಮಕರಣ ಮಾಡಿ ಓಮಿನಕಾಳು, ಸೋಡಾ, ಜೀರಿಗೆ ನೀರಲ್ಲಿ ಕಾಲ ತಳ್ಳಿದೆವು. 'ಹೊಟ್ಟೆಗೆ ಹಗುರ' ಅಂತ ರಾತ್ರಿ ಅನ್ನ ಬಿಡಿಸಿ ಚಪಾತಿ ತಿನ್ನಿಸಿದವನೂ ನಾನೇ. ಕೊನೆಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ, ಕರುಳಿನ ಚೂರು ತೆಗೆದು ನೋಡಿದ್ದು ಎಲ್ಲ ಮುಗಿದು ಹೆಸರು ಹೊರಬಿತ್ತು: ಸೀಲಿಯಾಕ್. ಗೋದಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಹೊಟ್ಟೆಗೆ ಬಿದ್ದರೆ ಮೈಯ ಕಾವಲುಪಡೆಯೇ ತಿರುಗಿಬಿದ್ದು ಸಣ್ಣಕರುಳನ್ನು ಹೊಡೆಯುತ್ತದೆ. ಡಾಕ್ಟರು ಚಿತ್ರ ತೋರಿಸಿದರು. ಕರುಳಿನ ಒಳಮೈ ಹೊಸ ಟರ್ಕಿ ಟವೆಲ್ಲಿನ ಹಾಗೆ ಜುಂಗುಜುಂಗಾಗಿರಬೇಕಿತ್ತು. ಇವಳದು ಹತ್ತು ವರ್ಷ ಒಗೆದ ಪಂಚೆ. ಇದಕ್ಕೆ ಮಾತ್ರೆ ಇಲ್ಲ. ಜೀವ ಇರೋವರೆಗೂ ಗೋದಿ ಬಿಡಬೇಕು, ಒಂದು ಚೂರೂ ಕೂಡದು.

ಮನೆಗೆ ಬಂದು ಅಮ್ಮನಿಗೆ ವಿಷಯ ಹೇಳಿದೆ. ಕಿವಿ ಸ್ವಲ್ಪ ಮಂದ.

"ಗಲಾಟೇನಾ? ಯಾರ ಜತೆ?"

"ಗಲಾಟೆ ಅಲ್ಲಮ್ಮ, ಗ್ಲುಟೆನ್. ಗೋದೀಲಿರುತ್ತೆ."

"ಓ, ಗೋದಿ ಗಲಾಟೆ," ಅಂದಳು ಅಮ್ಮ. ನಮ್ಮ ಮನೆಯಲ್ಲಿ ಇವತ್ತಿಗೂ ಕಾಯಿಲೆಯ ಹೆಸರು ಅದೇ.

ಆಸ್ಪತ್ರೆಯಿಂದ ಬಂದವಳನ್ನು ನೋಡಲು ನೆಂಟರು ಬಂದರು. ತಂದದ್ದು ಬನ್ನು, ಬ್ರೆಡ್ಡು, ಬಿಸ್ಕತ್ತು, ಬಾರ್ಲಿ ಮಾಲ್ಟಿನ ಡಬ್ಬ. ರೋಗಿಗೆ ಅಂತ ನಾಡಿನಲ್ಲಿ ಏನೇನು ಮಾರುತ್ತಾರೋ ಅದೆಲ್ಲ ಈ ರೋಗಿಗೆ ವಿಷ. ಅಡುಗೆಮನೆಯನ್ನು ಜಾಲಾಡಿದೆವು. ರವೆ, ಮೈದಾ, ಶಾವಿಗೆ ಹೊರಗೆ ಹೋದವು. ಇಂಗಿನ ಡಬ್ಬಿಯನ್ನು ಭೂತಗನ್ನಡಿ ಹಿಡಿದು ಓದಿದರೆ, ಅಲ್ಲೂ ಗೋದಿಹಿಟ್ಟು! ಇಷ್ಟು ದಿನ ಹೊಟ್ಟೆನೋವಿಗೆ ಅಂತ ಮಜ್ಜಿಗೆಯಲ್ಲಿ ಕದಡಿ ಕುಡಿಸಿದ್ದು ಅದನ್ನೇ.

ಆಮೇಲೆ ಶುರುವಾಯಿತು ಮಡಿ. ಬೇರೆ ಹೆಂಚು, ಬೇರೆ ಮಣೆ, ಬೇರೆ ಲಟ್ಟಣಿಗೆ. ಗುರುತಿಗೆ ಹಿಡಿಗೆ ಕೆಂಪು ದಾರ. ಹೆಂಡತಿಯನ್ನು ಒನಕೆ ಓಬವ್ವನಿಗೆ ಹೋಲಿಸುವ ಆಸೆ ನನಗಾಯಿತು; ಲಟ್ಟಣಿಗೆ ಅವಳ ಕೈಯಲ್ಲೇ ಇದ್ದುದರಿಂದ ಬಿಟ್ಟೆ. ಹಿಟ್ಟಿನ ಗಿರಣಿಯದು ಇನ್ನೊಂದು ಪಜೀತಿ. ಹಿಂದಿನವರ ಗೋದಿ ಕಲ್ಲಲ್ಲಿ ಕೂತಿರುತ್ತದಲ್ಲ! ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತೆ. ಮೊದಲು ಒಂದು ಸೇರು ಅಕ್ಕಿ ಬೀಸಿಸಿ, ಆ ಹಿಟ್ಟನ್ನು ಬೇರೆ ತೆಗೆದಿಡಲು ಹೇಳಿ, ಆಮೇಲೆ ರಾಗಿ ಸುರಿದೆ. ಗಿರಣಿಯವನು ಬೆಲ್ಟಿನ ಸದ್ದಿನ ಮೇಲೆ ಕೂಗಿದ: "ಏನ್ ಸಾರ್, ಗಿರಣಿಗೂ ಸೂತಕವಾ?"

ಕೊನೆಗೆ ಅಮ್ಮ ಅಟ್ಟದಿಂದ ಬೀಸೋಕಲ್ಲು ಇಳಿಸಿದಳು. ಇಳಿಸಿದಳು ಅಂದರೆ ಕೆಳಗೆ ನಿಂತು ಹೇಳಿದಳು, ಸೊಂಟ ನನ್ನದು. ಅಮ್ಮ ಹೊಸದುರ್ಗದ ಕಡೆಯವಳು, ಸಾವೆ ಬೆಳೆಯುವ ಸೀಮೆ. ಮದುವೆಯಾಗೋವರೆಗೂ ಸಾವೆ ಅನ್ನ, ನವಣೆ ಅನ್ನ, ಮುದ್ದೆ. ಅಪ್ಪನಿಗೆ ದುರ್ಗದಲ್ಲಿ ನೌಕರಿ ಸಿಕ್ಕಿ ಮನೆಗೆ ಚಪಾತಿ ಬಂದ ಮೇಲೆ, ನೆಂಟರ ಕಾಲಸಪ್ಪಳ ಕೇಳಿದರೆ ಸಾವೆ ಅನ್ನದ ಪಾತ್ರೆ ಮಂಚದ ಕೆಳಗೆ ಹೋಗುತ್ತಿತ್ತು. ಈಗ ಅದೇ ಪಾತ್ರೆ ಮೇಜಿನ ನಡುಮಧ್ಯೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತ್ತು ಅಂತ ಓದಿ ಹೇಳಿದೆ. "ಸಿರಿ ಸೇರಿಸಿದ್ದು ರೇಟು ಏರಿಸೋಕೆ ಕಣಪ್ಪ," ಅಂದಳು.

ಇನ್ನೊಂದು ಕಥೆಯನ್ನೂ ಅಮ್ಮನಿಗೆ ಹೇಳಿದೆ: ಈ ಕಾಯಿಲೆಯ ಗುಟ್ಟು ಬಿಟ್ಟುಕೊಟ್ಟದ್ದು ಒಂದು ಬರಗಾಲ. 1944–45ರ ಚಳಿಗಾಲ, ಯುದ್ಧದ ಕೊನೆ. ಹಾಲೆಂಡಿನಲ್ಲಿ ಬ್ರೆಡ್ಡಿಗೂ ಗತಿಯಿಲ್ಲ. ವಿಲ್ಲೆಮ್ ಡಿಕೆ ಎಂಬ ಮಕ್ಕಳ ಡಾಕ್ಟರಿಗೆ ಮೊದಲೇ ಗೋದಿಯ ಮೇಲೆ ಗುಮಾನಿ. ಊರೆಲ್ಲ ಹಸಿವಿನಿಂದ ನರಳುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡವು. ಬ್ರೆಡ್ಡು ಮತ್ತೆ ಬಂದಾಗ ಮತ್ತೆ ಮಲಗಿದವು. ಕಥೆ ಕೇಳಿ ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. "ಬರದಿಂದ ಕಾಯಿಲೆ ವಾಸಿಯಾಗೋದಾದ್ರೆ ನಮ್ಮ ಜಿಲ್ಲೇಲಿ ಒಂದಾಸ್ಪತ್ರೇನೂ ಬೇಕಿರಲಿಲ್ಲ ಬಿಡು."

ನಿಜವಾದ ಪರೀಕ್ಷೆ ಯುಗಾದಿಗೆ. ಹಿರಿಯೂರಿನಿಂದ ಮಾವ ಬಂದಿದ್ದರು. ಹೋಳಿಗೆ ಆಗಲೇಬೇಕು. ಕಣಕಕ್ಕೆ ಮೈದಾ ಇಲ್ಲ, ಅಕ್ಕಿಹಿಟ್ಟು, ನವಣೆಹಿಟ್ಟು. ಆಗ ಅರ್ಥವಾಯಿತು, ಗ್ಲುಟೆನ್ ದ್ರೋಹಿಯಾದರೂ ಕೆಲಸಗಾರ. ಹಿಟ್ಟು ಎಳೆದಷ್ಟೂ ಹಿಗ್ಗುವುದು ಅದರ ದೆಸೆಯಿಂದ. ಅದಿಲ್ಲದ ಕಣಕವನ್ನು ಬಾಳೆಎಲೆ ಮೇಲೆ ತಟ್ಟಿದರೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು, ಬಿರುಕಿನಿಂದ ಇಣುಕುವ ಹೂರಣ. ಮೊದಲ ಆರನ್ನು ಹೆಂಚಿನಿಂದ ಚಮಚದಲ್ಲಿ ಬಾಚಿ ತಿಂದೆವು. ಬಿಸಿನೀರಲ್ಲಿ ಹಿಟ್ಟು ಕುದಿಸಿ ನಾದಿದ ಏಳನೆಯದು ಒಡೆಯದೆ ಎದ್ದಿತು. ಮಾವ ಕೈಮುಗಿದರು. ಅವರ ಲೆಕ್ಕವೆಲ್ಲ ಮಾರಿಕಣಿವೆ ಅಣೆಕಟ್ಟಿನದು: "1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಅದನ್ನೂ ಕಂಡೆ, ಇದನ್ನೂ ಕಂಡೆ."

ಈಗ ಹೆಂಡತಿಯ ಕೆನ್ನೆಗೆ ಬಣ್ಣ ಬಂದಿದೆ, ರಕ್ತ ಏರಿದೆ. ಇಳಿದಿರುವುದು ನನ್ನ ಮುಖ. ಕಾಯಿಲೆ ಒಬ್ಬಳ ಹೊಟ್ಟೆಯಲ್ಲಿ, ಪಥ್ಯ ಐದು ತಟ್ಟೆಯಲ್ಲಿ! ಅದಕ್ಕೇ ಮೊನ್ನೆ ಸಂಜೆ, ವಾಕಿಂಗ್ ನೆಪದಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಯಲ್ಲಿ ಕಂಬದ ಮರೆಗೆ ನಿಂತು ಎರಡು ಖಾರಾ ಬನ್ನು ತಿಂದೆ. ಮೊದಲನೆಯದರ ರುಚಿ ಗೊತ್ತಾಗಲಿಲ್ಲ, ಅಷ್ಟು ಅವಸರ. ಬಾಯಿ ಒರೆಸಿಕೊಂಡು ಮನೆಗೆ ಬಂದೆ. ಬಾಗಿಲಲ್ಲಿ ಹೆಂಡತಿ. ಏನೂ ಕೇಳಲಿಲ್ಲ. ನನ್ನ ಮೀಸೆಯನ್ನೇ ನೋಡಿದಳು. ಬಲಗಡೆ ಒಂದು ಚೂರು ಉಳಿದಿತ್ತು.

"ಅಲ್ಲೇ ನಿಲ್ಲಿ, ಏನೂ ಮುಟ್ಟಬೇಡಿ."

ನಾನು ಹಿತ್ತಿಲ ಕಡೆಯಿಂದ ಸುತ್ತಿ ಬಚ್ಚಲಿಗೆ ಹೋದೆ.