ದೊಡ್ಡ ಟಿವಿ: ಆಯ್ಕೆ, ಅಳವಡಿಕೆ ಮತ್ತು ವಿಲೇವಾರಿ

ರಿಯರ್ ಪ್ರೊಜೆಕ್ಷನ್ ಟಿವಿ ಎಂದರೆ ಪ್ರೊಜೆಕ್ಟರನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡ ಟಿವಿ. ಕೆಳಗೆ ಕಾದು ಉರಿಯುವ ಒಂದು ದೀಪ, ಅದರ ಮುಂದೆ ಚಿತ್ರ ಮೂಡಿಸುವ ಚಿಪ್, ಹಿಂದೆ ಓರೆಯಾಗಿ ನಿಂತ ಕನ್ನಡಿ, ಮುಂದೆ ಪರದೆ. ಉಳಿದದ್ದೆಲ್ಲ ಗಾಳಿ. ಪ್ಲಾಸ್ಮಾ, ಎಲ್‌ಸಿಡಿ ಟಿವಿಗಳು 50 ಇಂಚು ದಾಟಿದರೆ ಸಂಬಳದಾರರು ಅತ್ತ ತಿರುಗಿಯೂ ನೋಡಲಾಗದ ಕಾಲದಲ್ಲಿ, ಅವಕ್ಕಿಂತ ಎಷ್ಟೋ ಕಡಿಮೆ ದುಡ್ಡಿಗೆ 60 ಇಂಚಿನ ಚಿತ್ರ ಸಿಗುತ್ತಿತ್ತು ಎಂಬುದೇ ಇದರ ಮುಖ್ಯ ಗುಣ. ಬೇರೆ ಗುಣಗಳನ್ನು ಅಂಗಡಿಯವರು ಹೇಳುತ್ತಿದ್ದರು.

ಇಲ್ಲಿ ವಿವರಿಸುವ ಟಿವಿ ಶಿಕಾಗೋ ಹೊರವಲಯದ ಒಂದು ಕನ್ನಡ ಮನೆಯ ನೆಲಮಾಳಿಗೆಯಲ್ಲಿದೆ. ಅದನ್ನು ಹೊರಗೆ ಹಾಕುವ ಮಾತು ಮೊನ್ನೆ ವಿಡಿಯೊ ಕರೆಯಲ್ಲಿ ಎದ್ದದ್ದೇ ತಡ, ಶಿಕಾರಿಪುರದಿಂದಲೂ ಸೊರಬದಿಂದಲೂ ಒಟ್ಟೊಟ್ಟಿಗೆ ಬೈಗುಳ ಬಂತು. ಈ ಎರಡು ಊರುಗಳು ಯಾವುದೇ ವಿಷಯದಲ್ಲಿ ಒಂದಾದದ್ದು ಆ ಮನೆಯ ಚರಿತ್ರೆಯಲ್ಲಿ ಇದೇ ಮೊದಲಾದ್ದರಿಂದ, ಟಿವಿಯ ಪೂರ್ವಾಪರವನ್ನು ಕ್ರಮವಾಗಿ ಬರೆದಿಡುವುದು ಅಗತ್ಯ.

ಕೊಂಡದ್ದು 2008ರ ಬೇಸಿಗೆಯಲ್ಲಿ. ಮಗನ ತಂದೆತಾಯಿ ಶಿಕಾರಿಪುರದವರು, ಸೊಸೆಯ ತಂದೆತಾಯಿ ಸೊರಬದವರು. ಅಕ್ಕಪಕ್ಕದ ತಾಲೂಕು, ನಡುವೆ ಶಿರಾಳಕೊಪ್ಪ. ಆ ವರ್ಷದ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಶಿಕಾರಿಪುರದ ಯಡಿಯೂರಪ್ಪನವರ ಎದುರು ಸೊರಬದ ಬಂಗಾರಪ್ಪನವರೇ ಬಂದು ನಿಂತಿದ್ದರು. ಯಡಿಯೂರಪ್ಪನವರು ಗೆದ್ದು ಮೇ 30ರಂದು ಮುಖ್ಯಮಂತ್ರಿಯಾದರು. ಆದರೆ ಸೊರಬವೂ 1990ರಿಂದ 92ರವರೆಗೆ ಮುಖ್ಯಮಂತ್ರಿಯನ್ನು ಕೊಟ್ಟ ಊರು. ಸೋತವರ ಗತ್ತು ಗೆದ್ದವರಿಗಿಂತ ಕೂದಲೆಳೆಯಷ್ಟೂ ಕಮ್ಮಿ ಇರಲಿಲ್ಲ. ಈ ಬಿಸಿ ಆರುವ ಮೊದಲೇ ಬೀಗರಿಬ್ಬರೂ ಒಂದೇ ವಿಮಾನದಲ್ಲಿ ಬಂದಿಳಿದರು. ಆರು ತಿಂಗಳು ಒಂದೇ ಸೂರಿನಡಿ ಕಳೆಯಬೇಕಿದ್ದರಿಂದ ಮನೆಯೊಳಗೆ ರಾಜಕೀಯ ಎತ್ತಕೂಡದೆಂದು ಮಕ್ಕಳು ಕಟ್ಟಪ್ಪಣೆ ಮಾಡಿದರು. ಹಿರಿಯರು ಅದನ್ನು ಚಾಚೂ ತಪ್ಪದೆ ಪಾಲಿಸಿ, ಆರು ತಿಂಗಳೂ ಟಿವಿಯ ಮೇಲೆಯೇ ಜಗಳವಾಡಿದರು.

ಮೊದಲ ಪ್ರಶ್ನೆ ಬಗೆಯದು. ತೀರಾ ಹಳೆಯ ರಿಯರ್ ಪ್ರೊಜೆಕ್ಷನ್ ಟಿವಿಗಳಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಪಿಕ್ಚರ್ ಟ್ಯೂಬುಗಳು. ಮೂರೂ ಕರಾರುವಾಕ್ಕಾಗಿ ಒಂದೇ ಕಡೆ ಬೀಳದಿದ್ದರೆ ಎಲ್ಲರ ಮುಖಕ್ಕೂ ಬಣ್ಣದ ಅಂಚು. ಎಲ್‌ಸಿಡಿ ಚಿಪ್ಪಿನವೂ ಇದ್ದವು; ಆದರೆ ಸೋನಿ ಕಂಪನಿ 2007ರ ಡಿಸೆಂಬರಿನಲ್ಲೇ ಈ ಬಗೆಯ ಟಿವಿಗೆ ಕೈಮುಗಿಯುವುದಾಗಿ ಸಾರಿತ್ತು. ಉಳಿದದ್ದು ಡಿಎಲ್‌ಪಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ಚಿಪ್ ಅದರ ಜೀವಾಳ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಲಕ್ಷಗಟ್ಟಲೆ ಕನ್ನಡಿಗಳು ಸೆಕೆಂಡಿಗೆ ಸಾವಿರಾರು ಸಲ ಓಲಾಡಿ, ಬೆಳಕನ್ನು ಬೇಕಾದಾಗ ಪರದೆಯತ್ತ, ಬೇಡವಾದಾಗ ಪಕ್ಕಕ್ಕೆ ಎಸೆಯುತ್ತವೆ. ಬಣ್ಣ ಕೊಡಲು ಗಿರಗಿರನೆ ತಿರುಗುವ ಒಂದು ಚಕ್ರ. ದೃಷ್ಟಿಯನ್ನು ಥಟ್ಟನೆ ಹೊರಳಿಸಿದರೆ ಈ ಚಕ್ರದ ದೆಸೆಯಿಂದ ಕೆಲವರಿಗೆ ಪರದೆಯ ಮೇಲೆ ಕಾಮನಬಿಲ್ಲು ಮಿಂಚಿ ಮರೆಯಾಗುತ್ತದೆ, ಎಲ್ಲರಿಗೂ ಅಲ್ಲ. ಆ ಮನೆಯಲ್ಲಿ ಅದು ಕಂಡದ್ದು ಸೊರಬದ ಅಜ್ಜಿಯೊಬ್ಬರಿಗೇ. ಒಗ್ಗರಣೆ ಹಾಕುತ್ತ ಟಿವಿಯತ್ತ ತಿರುಗಿದಾಗಲೆಲ್ಲ "ಎಂತದೋ ಬಣ್ಣ ಹಾರಿದಂಗೆ ಕಾಣ್ತದಲ್ಲೇ" ಎನ್ನುತ್ತಿದ್ದರು. ಮಗಳು ಗಾಬರಿಯಾಗಿ ಕಣ್ಣಿನ ಡಾಕ್ಟರಿಗೆ ತೋರಿಸಿದಳು. ಕಣ್ಣು ಚೆನ್ನಾಗಿತ್ತು. ಆ ಮನೆಯಲ್ಲಿ ಡಿಎಲ್‌ಪಿ ಟಿವಿಯ ದೋಷವನ್ನು ಶಾಸ್ತ್ರೀಯವಾಗಿ ಪತ್ತೆ ಹಚ್ಚಿದವರು ಅವರೊಬ್ಬರೇ ಎಂಬುದು ಬಹಳ ತಡವಾಗಿ ತಿಳಿಯಿತು. ಅಷ್ಟರಲ್ಲಿ ಅವರಿಗೆ ದಿನಕ್ಕೆ ಎರಡು ಕ್ಯಾರೆಟ್ ತಿನ್ನಿಸುವ ಪದ್ಧತಿ ಜಾರಿಯಾಗಿತ್ತು.

ಬಜೆಟ್ಟಿನ ಪ್ರಶ್ನೆ ಇದಕ್ಕಿಂತ ಕಗ್ಗಂಟು. ಮಗ ಮನಸ್ಸಿನಲ್ಲಿಟ್ಟುಕೊಂಡದ್ದು 1500 ಡಾಲರ್. ಆಗ ಡಾಲರಿಗೆ ಸುಮಾರು 42 ರೂಪಾಯಿ. ಹೊರನಾಡಿಗೆ ಬಂದ ಹಿರಿಯರು ಡಾಲರನ್ನು ರೂಪಾಯಿಗೆ ಇಳಿಸಿ ಅಲ್ಲಿಗೇ ನಿಲ್ಲುವುದಿಲ್ಲ. ರೂಪಾಯಿಯನ್ನು ಬೆಳೆಗೆ ಇಳಿಸುತ್ತಾರೆ. ಶಿಕಾರಿಪುರದ ಅಜ್ಜ ಮೆಕ್ಕೆಜೋಳದ ಕ್ವಿಂಟಲಿನಲ್ಲಿ ಲೆಕ್ಕ ಹಾಕಿ ತಲೆ ಮೇಲೆ ಕೈಹೊತ್ತರು. ಸೊರಬದ ಅಜ್ಜ ಶುಂಠಿಯಲ್ಲಿ ಲೆಕ್ಕ ಹಾಕಿ "ಅಷ್ಟೇಯನಾ?" ಎಂದರು. ಮೆಕ್ಕೆಜೋಳಕ್ಕೂ ಶುಂಠಿಗೂ ಇರುವ ಅಂತರ ಅಲ್ಲಿಂದ ಮುಂದೆ ಪ್ರತಿಯೊಂದು ತೀರ್ಮಾನದಲ್ಲೂ ತಲೆಹಾಕಿತು. ಕೊನೆಗೆ 61 ಇಂಚಿನ ಟಿವಿ ಬಂತು, ಅದರ ಸ್ಟ್ಯಾಂಡ್ ಬರಲಿಲ್ಲ. ಸ್ಟ್ಯಾಂಡಿಗೆ ಬೇರೆ ದುಡ್ಡು ಎಂದು ಕೇಳಿದಾಗ ಶಿಕಾರಿಪುರದ ಅಜ್ಜ, "ಟಿವಿ ಮಾರಿ ಕಾಲು ಬ್ಯಾರೆ ಮಾರ್ತಾರೇನ್ರೀ?" ಎಂದು ಅಂಗಡಿಯ ಹುಡುಗನನ್ನು ಕನ್ನಡದಲ್ಲೇ ಕೇಳಿದರು. ಹುಡುಗ ಏನೂ ಅರ್ಥವಾಗದೆ ಐವತ್ತು ಡಾಲರ್ ಇಳಿಸಿದ. ಆದರೂ ಬೇಡವೆಂದಾಗಿ, ಟಿವಿಯನ್ನು ಮೊಮ್ಮಗನ ಬಟ್ಟೆ ಇಡುವ ಡ್ರಾಯರ್ ಪೆಟ್ಟಿಗೆಯ ಮೇಲೆ ಏರಿಸಲಾಯಿತು. ಮುಂದಿನ ಅನಾಹುತಕ್ಕೆಲ್ಲ ಈ ಎತ್ತರವೇ ಮೂಲ.

ಕೊಳ್ಳುವವರು ಗಮನಿಸಬೇಕಿದ್ದ ಮುಖ್ಯ ಸಂಗತಿಯೂ ಇದೇ, ಅಂಗಡಿಯಲ್ಲಿ ಯಾರೂ ಹೇಳದಿದ್ದ ಸಂಗತಿಯೂ ಇದೇ. ಈ ಟಿವಿಗಳ ಪರದೆಯ ಹಿಂಪದರದಲ್ಲಿ ಫ್ರೆನೆಲ್ ಲೆನ್ಸ್ ಇರುತ್ತದೆ, ಮುಂಪದರದಲ್ಲಿ ಉದ್ದುದ್ದ ಗೀರುಗಳು. ಇವೆರಡೂ ಸೇರಿ ಬೆಳಕನ್ನು ಎಡಬಲಕ್ಕೆ ಧಾರಾಳವಾಗಿ ಹರಡುತ್ತವೆ, ಮೇಲೆ ಕೆಳಗೆ ಮಾತ್ರ ಬಿಗಿ ಹಿಡಿಯುತ್ತವೆ. ಇದ್ದ ಬೆಳಕೆಲ್ಲ ಸೋಫಾದಲ್ಲಿ ಕೂತವರ ಕಣ್ಣಿಗೇ ಸಿಗಲಿ ಎಂಬ ಏರ್ಪಾಡು. ಸೋಫಾದಲ್ಲಿ ಕೂತವರಿಗೆ ಚಿತ್ರ ಝಗಝಗ. ನಿಂತವರಿಗೂ ನೆಲದಲ್ಲಿ ಕೂತವರಿಗೂ ಮಂಕು. ಮಲಗಿ ನೋಡುವವರಿಗೆ ಅಮಾವಾಸ್ಯೆ. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆಯಿದ್ದರೂ ಪರದೆ ಎಲ್ಲರಿಗೂ ಒಂದೇ ಸಮನೆ ಬೆಳಗುತ್ತಿತ್ತು. ನೆಲದವರನ್ನು ಕತ್ತಲಲ್ಲಿ ಕೂರಿಸುವ ವಿದ್ಯೆ ಕಂಡುಹಿಡಿಯಲು ಅಮೆರಿಕದ ಡ್ರಾಯಿಂಗ್ ರೂಮೇ ಬೇಕಾಯಿತು.

ಶಿಕಾರಿಪುರದ ಅಜ್ಜ ನೆಲದವರು. ಜಮಖಾನ ಹಾಸಿ, ಚಕ್ಕಳಮಕ್ಕಳ ಹಾಕಿ, ಎಲೆಡಿಕೆ ಚೀಲ ಬಿಚ್ಚಿಕೊಂಡರೇ ಅವರಿಗೆ ಸಿನಿಮಾ ಶುರುವಾದಂತೆ. ಸೊರಬದ ಅಜ್ಜನಿಗೆ ಮಂಡಿನೋವು. ಅವರು ಸೋಫಾ ಬಿಟ್ಟಿಳಿಯರು. ಒಬ್ಬರು "ಆಹಾ, ಎಂಥ ಬೆಳಕು!" ಎಂದಾಗ ಇನ್ನೊಬ್ಬರು "ಕರೆಂಟ್ ಡಿಮ್ ಐತಲ್ಲ ಮಗಾ" ಎನ್ನುವರು. ಬೀಗರು ಬೇಕೆಂದೇ ಹಾಗನ್ನುತ್ತಾರೆ ಎಂದು ಇಬ್ಬರಿಗೂ ಖಾತ್ರಿ. ಚುನಾವಣೆಯ ಮಾತು ಎತ್ತದೆಯೇ "ಕೆಲವರಿಗೆ ಬೆಳಕು ಕಂಡರೂ ಒಪ್ಪೋ ಮನಸ್ಸಿಲ್ಲ" ಎಂಬಂಥ ಮಾತುಗಳು ಊಟದ ಹೊತ್ತಿಗೆ ಹಾರಾಡತೊಡಗಿದವು.

ಮಗ ಎಂಜಿನಿಯರ್. ಟಿವಿಯ ಹಿಂಭಾಗವನ್ನು ತುಸು ಎತ್ತಿ ಮುಂದಕ್ಕೆ ಬಾಗಿಸಿದರೆ ಬೆಳಕು ನೆಲಕ್ಕಿಳಿಯುತ್ತದೆಂದು ಅವನಿಗೆ ಹೊಳೆಯಿತು. ಒಳಗೆಲ್ಲ ಪೊಳ್ಳಾದ್ದರಿಂದ 61 ಇಂಚಿನ ಡಿಎಲ್‌ಪಿ ಟಿವಿ ನೋಟಕ್ಕಿರುವಷ್ಟು ಭಾರವಿಲ್ಲ. ಹಿಂದೆ ಏನಾದರೂ ಕೊಡಬೇಕಲ್ಲ, ಮನೆಯಲ್ಲಿದ್ದ ಒಂದೇ ಒಂದು ಮಣೆ ಕೊಟ್ಟ. ಅದು ಸೊರಬದ ಅಜ್ಜಿ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಹೊತ್ತು ತಂದ ದೇವರ ಪೂಜೆಯ ಮಣೆ. ಆಗ ಅಜ್ಜಿ ವಾಕಿಂಗಿಗೆ ಹೋಗಿದ್ದರು.

ಅಂದು ಸಂಜೆ ನೆಲದಲ್ಲಿ ಬೆಳದಿಂಗಳು ಚೆಲ್ಲಿತು. ಸೋಫಾದಲ್ಲಿ ಗ್ರಹಣ. "ಲ್ಯಾಂಪು ಇಳೀತಾ ಬಂತು ಕಾಣ್ತದೆ" ಎಂದರು ಸೊರಬದ ಅಜ್ಜ. ಬೆಳಿಗ್ಗೆ ಏಳುವ ಹೊತ್ತಿಗೆ ಮತ್ತೆ ಸೋಫಾ ಝಗಝಗ, ನೆಲ ಮಂಕು. ಸಂಜೆ ತಿರುಗಾ ಉಲ್ಟಾ. ಇದು ವಾರಗಟ್ಟಲೆ ನಡೆಯಿತು. ಬೆಳಿಗ್ಗೆಯ ಬೆಳಕು ಸೊರಬದ್ದು, ಸಂಜೆಯದು ಶಿಕಾರಿಪುರದ್ದು. ಇದು ಎದುರು ಪಾರ್ಟಿಯವರ ಕೈವಾಡ ಎಂಬ ಅನುಮಾನ ಎರಡೂ ಕಡೆ ಬಲಿಯಿತು. ಶಿಕಾರಿಪುರದ ಅಜ್ಜ ರಾತ್ರಿ ಎರಡಕ್ಕೆದ್ದು, ನೀರು ಕುಡಿಯುವ ನೆಪದಲ್ಲಿ ಟಿವಿಯ ಕಾವಲು ಕಾದರು. ಸೊರಬದ ಅಜ್ಜನಿಗೂ ಅದೇ ಹೊತ್ತಿಗೆ ಬಾಯಾರಿತು. ಕತ್ತಲ ಅಡುಗೆಮನೆಯಲ್ಲಿ ಎದುರಾದ ಬೀಗರು "ನಿದ್ದೆ ಬರ್ಲಿಲ್ವೇ?" ಎಂದು ಪರಸ್ಪರ ವಿಚಾರಿಸಿ, ತಲಾ ಎರಡು ಲೋಟ ನೀರು ಕುಡಿದು ಹಿಂದಿರುಗಿದರು.

ಮಗ ತಾನೇ ಮಣೆ ಇಟ್ಟದ್ದನ್ನು ಆಫೀಸಿನ ಗಲಾಟೆಯಲ್ಲಿ ಮರೆತೇಬಿಟ್ಟಿದ್ದ. ಬೆಳಕು ಹೆಚ್ಚುಕಮ್ಮಿಯಾಗುವುದು ದೀಪ ಸಾಯುವ ಲಕ್ಷಣವೆಂದು ಎಲ್ಲೋ ಓದಿ, ಸುಮಾರು ಇನ್ನೂರು ಡಾಲರ್ ಕೊಟ್ಟು ಹೊಸ ಲ್ಯಾಂಪ್ ತರಿಸಿದ. ಈ ಲ್ಯಾಂಪುಗಳು ಕೆಲವು ಸಾವಿರ ಗಂಟೆ ಉರಿಯಬೇಕು. ಹಳೆಯದು ಇನ್ನೂ ಎಳೆಗೂಸು. ಹೊಸದನ್ನು ಹಾಕಿದ್ದು ಶನಿವಾರ ಬೆಳಿಗ್ಗೆ. ಸೋಫಾ ಬೆಳಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆ ಮತ್ತೆ ಕತ್ತಲು. ಲ್ಯಾಂಪ್ ಮಾರಿದವರಿಗೆ ಮಗ ಮೂರು ಪುಟದ ದೂರು ಟೈಪಿಸುತ್ತ ಕೂತಾಗ, ಅಜ್ಜಿಯ ಎಂಟು ವರ್ಷದ ಮೊಮ್ಮಗ ತನ್ನ ಉಳಿತಾಯದ ಡಬ್ಬಿ ತಂದು, "ಇನ್ನು ಮಣೆ ಎತ್ತೋ ದುಡ್ಡು ಬರಲ್ವಾ?" ಎಂದು ಕೇಳಿದ.

ವಿಚಾರಣೆಯಲ್ಲಿ ಹೊರಬಿದ್ದದ್ದಿಷ್ಟು. ಅಜ್ಜಿ ಮೊದಲ ದಿನವೇ ಮಣೆಯನ್ನು ಹುಡುಕಿ ಹಿಡಿದಿದ್ದರು. ಅಳಿಯ ಏನೋ ಲೆಕ್ಕ ಹಾಕಿಯೇ ಇಟ್ಟಿರಬೇಕು, ಎದುರಾಡುವುದು ಸಲ್ಲ ಎಂದುಕೊಂಡು, ದಿನಾ ಬೆಳಿಗ್ಗೆ ಮೊಮ್ಮಗನಿಂದ ಟಿವಿ ಎತ್ತಿಸಿ ಮಣೆ ತೆಗೆದು ಪೂಜೆ ಮಾಡಿ, ಮಧ್ಯಾಹ್ನ ತೊಳೆದು ಒರೆಸಿ ಯಥಾಸ್ಥಾನದಲ್ಲಿ ಇಡಿಸುತ್ತಿದ್ದರು. ಎತ್ತಿದ್ದಕ್ಕೆ ಕಾಲು ಡಾಲರಿನ ಒಂದು ಕ್ವಾರ್ಟರ್, ಇಟ್ಟಿದ್ದಕ್ಕೆ ಒಂದು ಕ್ವಾರ್ಟರ್. ಶಾಲೆ ಶುರುವಾದ ಮೇಲೆ ಸಂಜೆಯ ಪಾಳಿ. ಯಾರಿಗೂ ಹೇಳಬೇಡವೆಂದು ಅಜ್ಜಿ ಹೇಳಿರಲಿಲ್ಲ. ಹೇಳಿದರೆ ಆದಾಯ ನಿಲ್ಲುತ್ತದೆಂದು ಹುಡುಗನೇ ಹೇಳಿರಲಿಲ್ಲ. ಈ ಗುಣ ಯಾರ ಕಡೆಯಿಂದ ಬಂತು ಎಂಬುದರ ಮೇಲೆ ಶಿಕಾರಿಪುರ ಮತ್ತು ಸೊರಬ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಇಬ್ಬರೂ ತಮ್ಮ ಕಡೆಯದೇ ಎನ್ನುತ್ತಾರೆ.

ಚಿತ್ರದ ಆಕಾರದ ವಿಚಾರ ಬೇಗ ಮುಗಿಸಬಹುದು. ಟಿವಿಯ ಪರದೆ 16:9. ಊರಿಂದ ತಂದ ವಿಸಿಡಿಗಳು 4:3. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ ಇಳಿಸಿದ್ದ ಕಾಲ ಅದು. ಬೀಗರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯಷ್ಟೇ ರಾಜ್‌ಕುಮಾರ್ ಇದ್ದರು. ಪರದೆ ತುಂಬಾ ಎಳೆದರೆ ಅಣ್ಣಾವ್ರು ಮೂರನೇ ಒಂದು ಪಾಲು ದಪ್ಪ. ಎಳೆಯದೆ ಬಿಟ್ಟರೆ ಎರಡು ಬದಿ ಕಪ್ಪು ಪಟ್ಟಿ, 61 ಇಂಚಿನ ಟಿವಿಯಲ್ಲಿ 50 ಇಂಚಿನ ಚಿತ್ರ. "ಹನ್ನೊಂದು ಇಂಚಿನ ದುಡ್ಡು ದಂಡ" ಎಂದರು ಮೆಕ್ಕೆಜೋಳದವರು. "ದುಡ್ಡು ಹೋದ್ರೆ ಹೋಗ್ಲಿ ಮಾರಾಯ್ರೆ, ಅಣ್ಣಾವ್ರು ಊದಿಕೊಳ್ಳಬಾರದು" ಎಂದರು ಶುಂಠಿಯವರು. ಈ ಒಂದು ಸಂಗತಿಯಲ್ಲಿ ಶುಂಠಿಯದೇ ಸರಿ. ವಿಸಿಡಿಯ ಚಿತ್ರದಲ್ಲಿ ಇರುವುದೇ 352ಕ್ಕೆ 288 ಚುಕ್ಕೆ. 1920ಕ್ಕೆ 1080ರ ಪರದೆಯಲ್ಲಿ ಅದನ್ನು ಹಿಗ್ಗಿಸುವುದೇ ಅನ್ಯಾಯ, ಅಡ್ಡಕ್ಕೂ ಎಳೆಯುವುದು ಅಪಚಾರ.

ಆಗಸ್ಟ್ ಕೊನೆಗೆ ಶಿಕಾಗೋದಲ್ಲೇ ಅಮೆರಿಕದ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನ ನಡೆದಾಗ ಬೀಗರು ಜೊತೆಯಾಗಿಯೇ ಹೋಗಿ, ಬೇರೆ ಬೇರೆ ಸಾಲಿನಲ್ಲಿ ಕೂತು ಬಂದರು. ನವೆಂಬರಿನಲ್ಲಿ, ಹೊರಡುವ ವಾರ, 'ಬಂಗಾರದ ಮನುಷ್ಯ'ದ ವಿಸಿಡಿ ಹಾಕಿದಾಗ ಮಣೆ ಟಿವಿಯ ಕೆಳಗಿತ್ತು, ಸೋಫಾ ಮಂಕಾಗಿತ್ತು. ಸೊರಬದ ಅಜ್ಜ ಯಾರಿಗೂ ಏನೂ ಹೇಳದೆ, ಸೋಫಾದ ಅಂಚು ಹಿಡಿದು, ಒಂದೊಂದೇ ಮಂಡಿ ಮಡಚಿ ಜಮಖಾನಕ್ಕಿಳಿದರು. ಶಿಕಾರಿಪುರದವರು ಎಲೆಡಿಕೆ ಚೀಲ ಅತ್ತ ಸರಿಸಿದರು. ಸಿನಿಮಾ ಮುಗಿದ ಮೇಲೆ ಅವರನ್ನು ಎಬ್ಬಿಸಲು ಮಗನೂ ಮೊಮ್ಮಗನೂ ಸೇರಬೇಕಾಯಿತು. ಹುಡುಗ ದುಡ್ಡು ಕೇಳಲಿಲ್ಲ.

ಇನ್ನು ವಿಲೇವಾರಿ. ಈ ಬಗೆಯ ಟಿವಿ ಮಾಡುತ್ತಿದ್ದ ಕೊನೆಯ ದೊಡ್ಡ ಕಂಪನಿ ಮಿತ್ಸುಬಿಷಿಯೂ 2012ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ. ಊರಿಗೆ ಸಾಗಿಸುವುದೂ ಸಲ್ಲ. ಅಮೆರಿಕದ 120 ವೋಲ್ಟಿನ ಯಂತ್ರಕ್ಕೆ ಊರಿನ 230 ವೋಲ್ಟ್ ಆಗಿಬರದು. "ಹಂಗಾರೆ ಮುಂದಿನ ಗಾಜಾದ್ರೂ ಕಳಿಸು, ಬಿಸಿಲಿಗಿಟ್ಟು ಹಂಡೆ ನೀರು ಕಾಯಿಸ್ತೀನಿ" ಎಂಬುದು ಶಿಕಾರಿಪುರದ ಅಜ್ಜನ ಈಗಿನ ಬೇಡಿಕೆ. "ನೀರಿಗಿಂತ ಹಪ್ಪಳ ಒಣಗಿಸೋಕೆ ಲಾಯಕ್ಕು" ಎಂಬುದು ಸೊರಬದ ತಿದ್ದುಪಡಿ. ಕಲ್ಪನೆ ತಪ್ಪಲ್ಲ, ಪ್ರಮಾಣ ತಪ್ಪು. ಕಳಚಿದ ಫ್ರೆನೆಲ್ ಲೆನ್ಸ್ ಬಿಸಿಲನ್ನು ಒಂದೇ ಬಿಂದುವಿಗೆ ತಂದು ಕಟ್ಟಿಗೆಗೆ ಬೆಂಕಿ ಹಚ್ಚುತ್ತದೆ; ಹಪ್ಪಳ ಒಣಗುವ ಮೊದಲೇ ಕರಕಲಾಗುತ್ತದೆ, ಮಾಡೂ ಉಳಿಯುವ ಭರವಸೆಯಿಲ್ಲ. ಆದ್ದರಿಂದ ಹಳೆಯ ಟಿವಿ ಬಿಚ್ಚುವವರು ಆ ಪರದೆಯನ್ನು ಬಿಸಿಲು ಬೀಳುವ ಜಾಗದಲ್ಲಿ ಒಂದು ಗಳಿಗೆಯೂ ಒರಗಿಸಿಡಬಾರದು. ಲ್ಯಾಂಪಿನಲ್ಲಿ ಪಾದರಸ ಇರುವುದರಿಂದ ಅದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಪಡೆಯುವ ಕಡೆಗೇ ಕೊಡಬೇಕು. ಒಯ್ಯುವ ಮುನ್ನ ಟಿವಿಯ ಅಡಿಯಲ್ಲಿ ಮಣೆ ಇದೆಯೇ ನೋಡಿಕೊಳ್ಳಿ.